ನೀರಿನಾಚೆಯ ನಗರ: ತೈಲಚಿತ್ರ ಮತ್ತು ನಗರವರ್ಣನೆ

ಹೈದರಾಬಾದಿನ ಮಾದಾಪುರದಲ್ಲಿರುವ ದುರ್ಗಂ ಚೆರುವು ಕುತುಬ್ ಶಾಹಿಗಳ ಕಾಲದಲ್ಲಿ ಗೋಲ್ಕೊಂಡ ಕೋಟೆಗೆ ಕುಡಿಯುವ ನೀರನ್ನು ಒದಗಿಸಿದ ಕೆರೆ. 2020ರಲ್ಲಿ ಅದರ ಮೇಲೆ ಕೇಬಲ್ ಸೇತುವೆಯೊಂದು ಬಳಕೆಗೆ ಬಂದಿತು. ದಡದ ಹೆಬ್ಬಂಡೆಗಳ ಹಿಂದೆ ಬಹುಮಹಡಿ ಕಟ್ಟಡಗಳು ಎದ್ದಿವೆ. ಕೆಳಗೆ ನೀರು, ಮೇಲೆ ಆಕಾಶ, ನಡುವೆ ನಗರದ ಹೊರರೇಖೆ: ತೈಲವರ್ಣದ ಕಲಾವಿದನಿಗೆ ಇದು ಸಿದ್ಧವಾಗಿಯೇ ದೊರೆಯುವ ವಿನ್ಯಾಸ. ಈ ವಿನ್ಯಾಸಕ್ಕೂ ಒಂದು ಚರಿತ್ರೆಯಿದೆ. ನೀರಿನಿಂದ ಸುತ್ತುವರಿದ ಕನ್ನಡ ನಾಡಿನ ಮತ್ತೊಂದು ಕೋಟೆಯ ಊರಾದ ಶ್ರೀರಂಗಪಟ್ಟಣದ ನಿದರ್ಶನದಿಂದ ಅದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ತೈಲವರ್ಣ ನಿಧಾನವಾಗಿ ಒಣಗುತ್ತದೆ. ಆದ್ದರಿಂದ ಕಟ್ಟಡದ ಅಂಚನ್ನು ಆಕಾಶದೊಡನೆ ಮೃದುವಾಗಿ ಬೆರೆಸಲು ಸಾಧ್ಯ. ಒಣಗಿದ ಬಣ್ಣದ ಮೇಲೆ ಪಾರದರ್ಶಕ ಪದರಗಳನ್ನು ಹರಡಿ ನೀರಿಗೆ ಆಳವನ್ನು ತರಲೂ ಸಾಧ್ಯ. ಡಚ್ ಕಲಾವಿದ ವರ್ಮೀರ್ ಸುಮಾರು 1660-61ರಲ್ಲಿ ತನ್ನ ಊರಾದ ಡೆಲ್ಫ್ಟನ್ನು ಹೀಗೆ ಚಿತ್ರಿಸಿದನು. ಅಲ್ಲಿ ನಗರದ ಪ್ರತಿಬಿಂಬ ನೋಡುವವನ ದಡದ ಕಡೆಗೆ ಚಾಚಿಕೊಂಡಿದೆ. ಈಚೆಯ ದಡದಲ್ಲಿ ಊರಿನ ಜನ ನಿಂತಿದ್ದಾರೆ. ನೀರು ನೋಟಕನನ್ನೂ ನಗರವನ್ನೂ ಕೂಡಿಸುತ್ತದೆ.

ಶ್ರೀರಂಗಪಟ್ಟಣದ ವಿಷಯದಲ್ಲಿ ಇದೇ ವಿನ್ಯಾಸದ ಅರ್ಥ ಬೇರೆಯಾಯಿತು. 1799ರ ಮೇ 4ರಂದು ಬ್ರಿಟಿಷ್ ಸೈನ್ಯ ಬೇಸಿಗೆಯ ಕಾವೇರಿಯನ್ನು ದಾಟಿ ಕೋಟೆಯನ್ನು ಹಿಡಿಯಿತು. ಟಿಪ್ಪು ಸುಲ್ತಾನನು ಮಡಿದನು. ಮರುವರ್ಷವೇ ರಾಬರ್ಟ್ ಕರ್ ಪೋರ್ಟರ್ ಈ ದಾಳಿಯನ್ನು ಕುರಿತು ಸುಮಾರು 120 ಅಡಿ ಉದ್ದದ ಪನೋರಮಾ ಚಿತ್ರವನ್ನು ಲಂಡನ್ನಿನಲ್ಲಿ ಪ್ರದರ್ಶಿಸಿದನು. ಅದನ್ನು ರಚಿಸಿದಾಗ ಅವನು ಭಾರತವನ್ನು ಕಂಡಿರಲಿಲ್ಲ. ಮೂಲಚಿತ್ರ ಇಂದು ಉಳಿದಿಲ್ಲವಾದರೂ ಅದರಿಂದ ಮಾಡಿದ ಕೆತ್ತನೆ ಮುದ್ರಣಗಳು ಉಳಿದಿವೆ. ಇಲ್ಲಿ ನದಿ ದಾಟಬೇಕಾದ ಅಡ್ಡಿ, ನಗರ ಗೆಲ್ಲಬೇಕಾದ ಗುರಿ. ನೋಟಕನ ಸ್ಥಾನ ಮುತ್ತಿಗೆ ಹಾಕಿದವನ ಸ್ಥಾನವೇ.

ಇದಕ್ಕೆ ಒಂದೂವರೆ ಶತಮಾನ ಮೊದಲು, 1648ರಲ್ಲಿ, ಗೋವಿಂದವೈದ್ಯನು ‘ಕಂಠೀರವ ನರಸರಾಜ ವಿಜಯ’ ಎಂಬ ಸಾಂಗತ್ಯಕಾವ್ಯವನ್ನು ರಚಿಸಿದ್ದನು. ಶ್ರೀರಂಗಪಟ್ಟಣ 1610ರಿಂದ ಮೈಸೂರು ಒಡೆಯರ ರಾಜಧಾನಿಯಾಗಿತ್ತು. ಮಹಾಕಾವ್ಯಕ್ಕೆ ವಿಹಿತವಾದ ಅಷ್ಟಾದಶ ವರ್ಣನೆಗಳಲ್ಲಿ ನಗರವರ್ಣನೆಯೂ ಒಂದು. ಅದರ ಕ್ರಮದಂತೆ ಕವಿಯ ದೃಷ್ಟಿ ದಡದಲ್ಲಿ ನಿಲ್ಲದೆ ಕೋಟೆಯನ್ನು ದಾಟಿ ಪೇಟೆ, ಬೀದಿ, ಅರಮನೆಗಳತ್ತ ಸಾಗುತ್ತದೆ; ನವರಾತ್ರಿಯ ಉತ್ಸವವನ್ನು ಒಳಗಿನಿಂದ ಕಾಣುತ್ತದೆ. ಇದೂ ನಿಷ್ಪಕ್ಷಪಾತವಾದ ದಾಖಲೆಯಲ್ಲ. ಆಸ್ಥಾನದ ಪ್ರಶಂಸೆ ಇದರಲ್ಲಿ ಧಾರಾಳವಾಗಿದೆ. ಆದರೂ ಹೊರರೇಖೆಯಲ್ಲಿ ಅಡಗಿಹೋಗುವ ಜನಜೀವನಕ್ಕೆ ಇಲ್ಲಿ ಸ್ಥಳವಿದೆ.

ಹಾಗೆಂದು ದೂರದ ನೋಟವೆಲ್ಲ ಶತ್ರುವಿನ ನೋಟವೆಂದು ನಾವು ಹೇಳುವುದಿಲ್ಲ. ಡೆಲ್ಫ್ಟ್ ಅದಕ್ಕೆ ವಿರುದ್ಧವಾದ ಸಾಕ್ಷ್ಯ. ದೋಷ ತೈಲವರ್ಣದ್ದೂ ಅಲ್ಲ. ಯಾರ ದಡದಲ್ಲಿ ನಿಂತು ನಗರವನ್ನು ಕಾಣುತ್ತೇವೆ ಎಂಬುದೇ ನಿರ್ಣಾಯಕ. ಆದ್ದರಿಂದ ಶ್ರೀರಂಗಪಟ್ಟಣದ ಚಿತ್ರಗಳನ್ನು ಚರಿತ್ರೆಯ ಆಕರವಾಗಿ ಬಳಸುವ ಹೊರನಾಡಿನ ಸಂಶೋಧಕರು ಈ ಕಾವ್ಯವನ್ನೂ ಜೊತೆಗಿಟ್ಟು ಓದುವುದು ಅಗತ್ಯ. 1648ರ ಕವಿ ಕಂಡ ಊರಿನಲ್ಲಿ ಟಿಪ್ಪುವಿನ ಜಾಮಿಯಾ ಮಸೀದಿಯ ಮಿನಾರುಗಳಿರಲಿಲ್ಲ. 1800ರ ಕಲಾವಿದನಿಗೆ ಆ ಕವಿ ಕಂಡ ಬೀದಿಗಳು ಬೇಕಾಗಿರಲಿಲ್ಲ. ಎರಡನ್ನೂ ಕೂಡಿಸಿದಾಗಲೇ ಊರಿನ ರೂಪ ತಿಳಿಯುತ್ತದೆ. ಮಾದಾಪುರದ ಕೆರೆಯಂಚಿನಲ್ಲಿ ಇಂದು ಚಿತ್ರಫಲಕವನ್ನು ನಿಲ್ಲಿಸುವ ಕಲಾವಿದನ ಮುಂದೆಯೂ ಇದೇ ಆಯ್ಕೆಯಿದೆ: ನೀರನ್ನು ಗೋಪುರಗಳ ಕನ್ನಡಿಯನ್ನಾಗಿ ಮಾತ್ರ ಬಳಸಬಹುದು, ಇಲ್ಲವೆ ಒಂದು ಕೋಟೆಯ ಬಾಯಾರಿಕೆಯನ್ನು ತಣಿಸಿದ ಕೆರೆಯನ್ನಾಗಿಯೂ ಕಾಣಬಹುದು.