ನಾಡಿ ಮಣಿಕಟ್ಟಿಗೆ ಬಂದ ಬಗೆ

ಓಟಗಾರನ ಹೃದಯಬಡಿತ ತಿಳಿಯಲು ತರಬೇತುದಾರರಿಗೆ ಬಹುಕಾಲ ಇದ್ದ ದಾರಿ ಒಂದೇ: ಓಡುತ್ತಿದ್ದವನನ್ನು ನಿಲ್ಲಿಸಿ, ಕತ್ತಿನ ಪಕ್ಕದಲ್ಲಿ ಎರಡು ಬೆರಳಿಟ್ಟು, 15 ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸುವುದು. ಎಣಿಕೆಯಲ್ಲಿ ಒಂದು ಬಡಿತ ತಪ್ಪಿದರೆ ಲೆಕ್ಕದಲ್ಲಿ ನಾಲ್ಕು ತಪ್ಪುತ್ತಿತ್ತು. ನಿಂತೊಡನೆ ಬಡಿತ ಇಳಿಯತೊಡಗುವುದರಿಂದ ಸಿಗುತ್ತಿದ್ದ ಅಂಕಿಯೂ ಓಟದ್ದಾಗಿರದೆ ವಿಶ್ರಾಂತಿಯದ್ದಾಗಿರುತ್ತಿತ್ತು.

ಈ ತೊಡಕಿಗೆ ಪರಿಹಾರ ಬಂದದ್ದು ಫಿನ್‌ಲೆಂಡಿನಿಂದ. ಹಿಮದ ಮೇಲೆ ದೂರದೂರ ಜಾರುವ ಸ್ಕೀ ಸ್ಪರ್ಧೆ ಆ ನಾಡಿನ ಅಚ್ಚುಮೆಚ್ಚಿನ ಆಟ. ವ್ಯಾಯಾಮ ಫಲಿಸಬೇಕಾದರೆ ಬಡಿತ ಎಷ್ಟಕ್ಕೆ ಏರಬೇಕೆಂಬುದನ್ನು ಅಲ್ಲಿಯವರೇ ಆದ ಮಾರ್ಟಿ ಕಾರ್ವೊನೆನ್ 1957ರಲ್ಲೇ ಪರಿಶೀಲಿಸಿದ್ದರು. ಔಲು ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸೆಪ್ಪೊ ಸಾಯ್ನಾಯಾಕಾಂಗಸ್ 1977ರಲ್ಲಿ ಪೋಲಾರ್ ಕಂಪನಿ ಕಟ್ಟಿದರು. 1980ರ ದಶಕದ ಆರಂಭದಲ್ಲಿ ಅದರ ‘ಸ್ಪೋರ್ಟ್ ಟೆಸ್ಟರ್’ ಹೊರಬಂತು. ಎದೆಗೆ ಕಟ್ಟಿದ ಪಟ್ಟಿ ಹೃದಯದ ವಿದ್ಯುತ್ ಸಂಕೇತವನ್ನು ಹಿಡಿದು, ತಂತಿಯ ಹಂಗಿಲ್ಲದೆ ಕೈಗಡಿಯಾರಕ್ಕೆ ಕಳಿಸುತ್ತಿತ್ತು. ಪಟ್ಟಿಯ ಒಳಬದಿಯನ್ನು ಒದ್ದೆ ಮಾಡಿಕೊಳ್ಳದಿದ್ದರೆ ಬೆವರು ಬರುವ ತನಕ ಅಂಕಿ ಅಡ್ಡಾದಿಡ್ಡಿ. ಇಬ್ಬರು ಪಟ್ಟಿ ಕಟ್ಟಿಕೊಂಡು ಅಕ್ಕಪಕ್ಕ ಹೊರಟರೆ ಒಬ್ಬರ ಬಡಿತ ಇನ್ನೊಬ್ಬರ ಗಡಿಯಾರಕ್ಕೆ ನುಸುಳುವುದೂ ಇತ್ತು. ಸಂಕೇತಕ್ಕೆ ಗುಪ್ತ ಗುರುತು ಸೇರಿಸಿದ ಮೇಲೆ ಆ ಫಜೀತಿ ತಪ್ಪಿತು.

ದೂರದ ಲೆಕ್ಕ ಬಂದದ್ದು ಬೇರೆಯೇ ಕಡೆಯಿಂದ. ಜಿಪಿಎಸ್ ಸಂಕೇತವನ್ನು ಸಾರ್ವಜನಿಕರಿಗೆ ಬೇಕೆಂದೇ ಮಸುಕುಗೊಳಿಸುತ್ತಿದ್ದ ಅಮೆರಿಕ 2000ದ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಿತು. ಮೂರು ವರ್ಷಕ್ಕೆ ಗಾರ್ಮಿನ್‌ನ ‘ಫೋರ್‌ರನ್ನರ್’ ಓಟಗಾರರ ಕೈಗೆ ಬಂತು. ಗಡಿಯಾರಕ್ಕಿಂತ ಪೆಟ್ಟಿಗೆ ಎನ್ನುವುದೇ ಸರಿ, ಅಷ್ಟು ದಪ್ಪ. ಇನ್ನು ದಿನಕ್ಕೆ 10,000 ಹೆಜ್ಜೆಯ ಗುರಿ: ಅದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನದಿಂದ ಹಬ್ಬಿದ್ದು, ವೈದ್ಯರ ಅಪ್ಪಣೆಯೇನಲ್ಲ.

ಎದೆಪಟ್ಟಿಯ ಕಿರಿಕಿರಿ ತಪ್ಪಿಸಿದ್ದು ಹಸಿರು ಬೆಳಕು. ಗಡಿಯಾರದ ತಳದ ಪುಟ್ಟ ದೀಪ ಚರ್ಮದ ಮೇಲೆ ಬೆಳಕು ಚೆಲ್ಲುತ್ತದೆ; ರಕ್ತ ಆ ಬೆಳಕನ್ನು ಹೀರುತ್ತದೆ. ಪ್ರತಿ ಬಡಿತಕ್ಕೂ ರಕ್ತದ ಪ್ರಮಾಣ ಏರಿಳಿದಂತೆ ಮರಳುವ ಬೆಳಕೂ ಏರಿಳಿಯುತ್ತದೆ. 2010ರ ದಶಕದಲ್ಲಿ ಈ ವಿಧಾನ ಮನೆಮಾತಾಯಿತು. ಆದರೆ ಗಡಿಯಾರದ ಪಟ್ಟಿ ಸಡಿಲವಿದ್ದರೆ, ಚಳಿಗೆ ರಕ್ತನಾಳ ಕುಗ್ಗಿದರೆ, ಭಾರ ಎತ್ತುವಾಗ ಮಣಿಕಟ್ಟು ಬಾಗಿದರೆ ಎಣಿಕೆ ಹಳಿ ತಪ್ಪುತ್ತದೆ. ವೇಗ ದಿಢೀರನೆ ಏರಿದಾಗ ಗಡಿಯಾರ ಹಿಂದೆ ಬೀಳುವುದೂ ಉಂಟು.

ಕೊಳ್ಳುವವರ ಮುಂದಿನ ಪ್ರಶ್ನೆಗಳು ಈ ಇತಿಹಾಸದಿಂದಲೇ ಹುಟ್ಟಿದವು. ನಡಿಗೆಗೆ, ಹದವಾದ ಓಟಕ್ಕೆ ಮಣಿಕಟ್ಟಿನ ಬೆಳಕೇ ಸಾಕು. ಮ್ಯಾರಥಾನ್ ಓಡುವವರು ಜಿಪಿಎಸ್ ಹಾಕಿಟ್ಟಾಗ ಬ್ಯಾಟರಿ ಎಷ್ಟು ಗಂಟೆ ಬರುತ್ತದೆಂದು ಮೊದಲು ಕೇಳಬೇಕು. ರಭಸದ ಓಟವನ್ನೂ ವಿರಾಮವನ್ನೂ ಬೆರೆಸಿ ಅಭ್ಯಾಸ ಮಾಡುವವರು ಎದೆಪಟ್ಟಿಯೊಂದಿಗೆ ಜೋಡಿಸಬಲ್ಲ ಗಡಿಯಾರವನ್ನೇ ಆರಿಸುವುದು ಒಳ್ಳೆಯದು. ಪೋಲಾರ್, ಗಾರ್ಮಿನ್ ಎರಡೂ ಕಂಪನಿಗಳು ಎದೆಪಟ್ಟಿಯನ್ನು ಇಂದಿಗೂ ಮಾರುತ್ತಿವೆ.