ಪಕ್ಕದಲ್ಲಿ ಕುಳಿತವರು

ನಮ್ಮ ಕಮಠಾಣದಲ್ಲಿ ನಾನು ಹುಡುಗನಾಗಿದ್ದಾಗ, ಏಕಾದಶಿಯ ರಾತ್ರಿ ಭಜನೆ ಮುಗಿದ ಮೇಲೆ ಇನ್ನೊಂದು ಕಲಾಪ ಆರಂಭವಾಗುತ್ತಿತ್ತು. ಚಹಾ ಬರುವವರೆಗೆ ಗುಡಿಯ ಕಟ್ಟೆಯ ಮೇಲೆ ಕುಳಿತ ಹಿರಿಯರು, ಯಾವ ಊರಿನ ಭಜನಾ ಮೇಳ ಹೆಚ್ಚಿನದೆಂದು ವಾದಕ್ಕೆ ತೊಡಗುತ್ತಿದ್ದರು. ಒಬ್ಬರು ಭಾಲ್ಕಿಯ ಕಡೆಯ ಮೇಳವನ್ನು ಎತ್ತಿ ಹಿಡಿದರೆ, ಇನ್ನೊಬ್ಬರಿಗೆ ಔರಾದದ ಕಡೆಯವರೇ ಮೇಲು. ಹಾಡಿದವರ ಕಂಠ, ಪದಗಳ ಆಯ್ಕೆ ಎಲ್ಲವನ್ನೂ ಅಳೆದಾದ ಬಳಿಕ ಮಾತು ಕೊನೆಗೆ ಬಂದು ನಿಲ್ಲುತ್ತಿದ್ದುದು ಪಖವಾಜ ನುಡಿಸಿದವನ ಬಳಿ. ‘ಅವನ ಕೈ ಭಾಳ ಜೋರದ’ ಎಂದು ಒಬ್ಬರು ಹೊಗಳಿದರೆ, ‘ಜೋರ್ ಅದ ಖರೆ, ಆದರ ಹಾಡೇ ನುಂಗಿಬಿಟ್ಟಾನಲ್ಲ!’ ಎಂದು ಮತ್ತೊಬ್ಬರು ತಳ್ಳಿಹಾಕುತ್ತಿದ್ದರು. ಈ ವಾದ ತೀರ್ಮಾನವಾದುದನ್ನು ನಾನು ಒಮ್ಮೆಯೂ ಕಾಣಲಿಲ್ಲ. ಮುಂದಿನ ಏಕಾದಶಿಗೆ ಅದು ಮತ್ತೆ ಮೊದಲಿನಿಂದ ಆರಂಭವಾಗುತ್ತಿತ್ತು.

ಐವತ್ತು ವರ್ಷಗಳ ತರುವಾಯ, ಬೆಂಗಳೂರಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಅದೇ ವಾದವನ್ನು ನಾನು ಇನ್ನೊಮ್ಮೆ ಕೇಳಿದೆ. ಅವನೂ ಅವನ ಇಬ್ಬರು ಗೆಳೆಯರೂ ಪಾಶ್ಚಾತ್ಯ ರಾಕ್ ಸಂಗೀತದ ರಸಿಕರು. ನೆಲದ ಮೇಲೆ ಎಲ್.ಪಿ. ತಟ್ಟೆಗಳನ್ನು ಹರಡಿಕೊಂಡು, ಎಂಬ್ರಿಯೊ ಎಂಬ ಜರ್ಮನ್ ತಂಡದ ಯಾವ ಧ್ವನಿಮುದ್ರಿಕೆ ಶ್ರೇಷ್ಠವೆಂದು ಅವರು ಚರ್ಚಿಸುತ್ತಿದ್ದರು. ಒಬ್ಬನಿಗೆ 1973ರ ‘ರಾಕ್‌ಸೆಷನ್’, ಇನ್ನೊಬ್ಬನಿಗೆ ಅದೇ ವರ್ಷದ ‘ವಿ ಕೀಪ್ ಆನ್’. ನನ್ನ ವಿದ್ಯಾರ್ಥಿಯ ಮತ ಅವರ ಭಾರತಯಾತ್ರೆಯ ಧ್ವನಿಮುದ್ರಣವಾದ ‘ಎಂಬ್ರಿಯೊಸ್ ರೈಸೆ’ಗೆ. ಅರ್ಧ ಗಂಟೆಯಲ್ಲಿ ಮಾತು ನಾನು ನಿರೀಕ್ಷಿಸಿದ್ದ ಸ್ಥಳಕ್ಕೇ ಬಂದು ನಿಂತಿತು: ಆ ತಂಡದ ಡ್ರಮ್ ವಾದಕ ನಿಜವಾಗಿಯೂ ಸಮರ್ಥನೇ?

ಆ ವಾದಕನ ಹೆಸರು ಕ್ರಿಸ್ಟಿಯಾನ್ ಬುರ್ಖಾರ್ಡ್. 1946ರಲ್ಲಿ ಹುಟ್ಟಿದ ಈತ 1969ರಲ್ಲಿ ಮ್ಯೂನಿಕ್ ನಗರದಲ್ಲಿ ಎಂಬ್ರಿಯೊ ತಂಡವನ್ನು ಕಟ್ಟಿದ. 2018ರಲ್ಲಿ ತೀರಿಕೊಂಡ ಅವನೇ ದಶಕಗಳ ಕಾಲ ಅದರ ಚಾಲಕಶಕ್ತಿಯಾಗಿದ್ದ. ಈಗ ಅವನ ಮಗಳು ಮಾರ್ಯಾ ಅದನ್ನು ಮುನ್ನಡೆಸುತ್ತಿದ್ದಾಳೆ. ‘ಎಂಬ್ರಿಯೊ’ ಎಂದರೆ ಭ್ರೂಣ, ಇನ್ನೂ ರೂಪ ತಾಳುತ್ತಿರುವ ಜೀವ. ಹೆಸರಿಗೆ ತಕ್ಕಂತೆ ಈ ತಂಡ ಒಂದೇ ರೂಪದಲ್ಲಿ ಎಂದೂ ನಿಲ್ಲಲಿಲ್ಲ. ರಾಕ್‌ನಿಂದ ಆರಂಭಿಸಿ ಜಾಜ಼್ ಸಂಗೀತದತ್ತ ಸರಿದು, ಅಲ್ಲಿಂದ ಪೂರ್ವದೇಶಗಳ ಕಡೆ ಮುಖ ಮಾಡಿತು. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ‘ವಿ ಕೀಪ್ ಆನ್’ನಲ್ಲಿ ಇವರೊಡನೆ ನುಡಿಸಿದ. ದಕ್ಷಿಣ ಭಾರತದ ನಾಗಸ್ವರವನ್ನು ಅಭ್ಯಾಸ ಮಾಡಿದ್ದವನು ಅವನು. ನಮ್ಮ ದೇವಾಲಯಗಳ ಮಂಗಳವಾದ್ಯವು ಜರ್ಮನ್ ರಾಕ್ ತಂಡವೊಂದರ ತಟ್ಟೆಯಲ್ಲಿ ಮೊಳಗಿದ್ದು ಹೀಗೆ.

ಆ ಮೂವರು ಗೆಳೆಯರ ಆಕ್ಷೇಪಣೆಗಳನ್ನು ಗಮನಿಸಿ. ಬುರ್ಖಾರ್ಡನ ಕೈಯಲ್ಲಿ ಆ ಕಾಲದ ಪ್ರಸಿದ್ಧ ಆಂಗ್ಲ ಡ್ರಮ್ ವಾದಕರ ಆರ್ಭಟವಿಲ್ಲ ಎಂದನೊಬ್ಬ. ಡ್ರಮ್ಮಿನ ಪೀಠವನ್ನು ಬಿಟ್ಟು ಎದ್ದು ವೈಬ್ರಫೋನ್ ಎಂಬ ಲೋಹದ ಪಟ್ಟಿಗಳ ವಾದ್ಯವನ್ನು ನುಡಿಸುತ್ತ ನಿಲ್ಲುವವನನ್ನು ಡ್ರಮ್ ವಾದಕನೆಂದು ಕರೆಯುವುದಾದರೂ ಹೇಗೆ ಎಂದ ಇನ್ನೊಬ್ಬ. ನನ್ನ ವಿದ್ಯಾರ್ಥಿ ಮಾತ್ರ, ‘ಅವನು ಬೇರೆಯವರನ್ನು ಕೇಳಿಸಿಕೊಳ್ಳುತ್ತಾನೆ’ ಎಂದು ಒಂದೇ ಮಾತಿನಲ್ಲಿ ಉತ್ತರಿಸಿದ. ಹಾಡನ್ನು ನುಂಗುವ ಕೈ ಯಾವುದು, ಹಾಡನ್ನು ಹೊರುವ ಕೈ ಯಾವುದು ಎಂಬ ನಮ್ಮ ಗುಡಿಕಟ್ಟೆಯ ಪ್ರಶ್ನೆಯೇ ಅಲ್ಲವೆ ಇದು?

ಈ ಪ್ರಶ್ನೆಗೆ ಇತಿಹಾಸದ ಬೆಳಕಿನಲ್ಲಿ ಉತ್ತರ ಹುಡುಕುವುದು ಲೇಸು. ರಾಕ್ ತಂಡದಲ್ಲಿ ಒಬ್ಬನೇ ಕುಳಿತು ಕೈಕಾಲುಗಳಿಂದ ನುಡಿಸುವ ಆ ಡ್ರಮ್ ಸಮೂಹ ಬಹಳ ಪ್ರಾಚೀನವಾದುದೇನೂ ಅಲ್ಲ. ಪಾಶ್ಚಾತ್ಯರ ಸೈನಿಕ ವಾದ್ಯಮೇಳಗಳಲ್ಲಿ ದೊಡ್ಡ ಡ್ರಮ್ಮಿಗೆ ಒಬ್ಬ, ಸಣ್ಣ ಡ್ರಮ್ಮಿಗೆ ಒಬ್ಬ, ಕಂಚಿನ ತಾಳಗಳಿಗೆ ಮತ್ತೊಬ್ಬ ಇರುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ, ಇಕ್ಕಟ್ಟಾದ ನಾಟಕಶಾಲೆಗಳಲ್ಲಿ ಜಾಗವನ್ನೂ ಹಣವನ್ನೂ ಉಳಿಸುವ ಸಲುವಾಗಿ ಈ ಕೆಲಸಗಳೆಲ್ಲ ಒಬ್ಬನ ಮೇಲೆ ಬಿದ್ದುವು. 1909ರಲ್ಲಿ ಷಿಕಾಗೊದ ಲುಡ್ವಿಗ್ ಸೋದರರು ಕಾಲಿನಿಂದ ಒತ್ತಿ ದೊಡ್ಡ ಡ್ರಮ್ಮನ್ನು ಬಡಿಯುವ ಚುರುಕಾದ ಮೆಟ್ಟನ್ನು ತಯಾರಿಸಿದ ಮೇಲೆ ಆ ಪದ್ಧತಿ ನೆಲೆಯೂರಿತು. ಒಬ್ಬನ ಸಂಬಳದಲ್ಲಿ ಮೂವರ ದುಡಿಮೆ! ಡ್ರಮ್ ವಾದಕನ ವೇಗವನ್ನೂ ಬಲವನ್ನೂ ರಸಿಕರು ಕೌತುಕದಿಂದ ಅಳೆಯುವುದಕ್ಕೆ ಇದೇ ಮೂಲವೆಂದು ನನಗೆ ತೋರುತ್ತದೆ.

ನಮ್ಮ ಸಂಗೀತ ಕಚೇರಿ ಇದಕ್ಕೆ ವಿರುದ್ಧವಾದ ದಾರಿಯಲ್ಲಿ ಬೆಳೆಯಿತು. ಮೃದಂಗದ ಪಕ್ಕದಲ್ಲಿ ಘಟ ಬಂದು ಕುಳಿತಿತು. ಖಂಜರಿ, ಮೋರ್ಸಿಂಗ್‌ಗಳೂ ಬಂದುವು. ಪ್ರತಿಯೊಂದಕ್ಕೂ ಒಬ್ಬ ವಿದ್ವಾಂಸ. ಆದರೆ ಇವರೆಲ್ಲರಿಗೂ ನಾವು ಕೊಟ್ಟ ಹೆಸರು ‘ಪಕ್ಕವಾದ್ಯ’ದವರು. ವೇದಿಕೆಯ ನಡುವೆ ಗಾಯಕ, ಪಕ್ಕದಲ್ಲಿ ಇವರು. ಗಾಯಕನು ಅವಕಾಶ ಕೊಟ್ಟಾಗ ಇವರ ತನಿ ಆವರ್ತನ. ಅದು ಆರಂಭವಾದೊಡನೆ ಕಾಫಿಗೆಂದು ಎದ್ದುಹೋಗುವ ಸಭಿಕರನ್ನು ನೀವೂ ನೋಡಿರಬೇಕು.

1964ರಲ್ಲಿ ಬೆಂಗಳೂರಿನಲ್ಲಿ ಮೃದಂಗ ವಿದ್ವಾಂಸರಾದ ಟಿ.ಎ.ಎಸ್. ಮಣಿಯವರು ‘ಕರ್ನಾಟಕ ಕಾಲೇಜ್ ಆಫ್ ಪರ್ಕಶನ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದ್ದರ ಮಹತ್ವವನ್ನು ಈ ಹಿನ್ನೆಲೆಯಲ್ಲಿ ಕಾಣಬೇಕು. ತಾಳವಾದ್ಯಗಳಿಗಾಗಿಯೇ ಒಂದು ವಿದ್ಯಾಲಯ! ಪಕ್ಕದಲ್ಲಿ ಕುಳಿತವರ ವಿದ್ಯೆಯು ತಾನಾಗಿಯೇ ಒಂದು ಪೂರ್ಣ ಶಾಸ್ತ್ರವೆಂಬ ನಂಬಿಕೆ ಅದರ ಬುನಾದಿ. ಮೃದಂಗ, ಘಟ, ಖಂಜರಿಗಳ ಜೊತೆಗೆ ಕೊನ್ನಕ್ಕೋಲು ಅಲ್ಲಿ ಮುಖ್ಯವಾಯಿತು. ಕೈಗಿಂತ ಮೊದಲು ಬಾಯಿ ಕಲಿಯಬೇಕೆಂಬುದು ಈ ವಿದ್ಯೆಯ ನಿಯಮ. ‘ತಕಿಟ’ ಎಂದರೆ ಮೂರು, ‘ತಕದಿಮಿ’ ಎಂದರೆ ನಾಲ್ಕು, ‘ತಕ ತಕಿಟ’ ಎಂದರೆ ಐದು. ಹೀಗೆ ಏಳು ಒಂಬತ್ತರವರೆಗಿನ ಎಣಿಕೆಯೆಲ್ಲ ನಾಲಗೆಯ ಮೇಲೆ ನೆಲೆಸಿದ ಬಳಿಕವೇ ಬೆರಳಿಗೆ ಇಳಿಯುವುದು. ನಮ್ಮ ಭಜನೆಯ ಪಖವಾಜವೂ ಮೃದಂಗದ ದಾಯಾದಿಯೇ. ಮೃದಂಗದ ಎಡಮುಖಕ್ಕೆ ರವೆಯ ಕಣಕ ಹಚ್ಚಿದರೆ, ಪಖವಾಜದ ಎಡಮುಖಕ್ಕೆ ಗೋಧಿಹಿಟ್ಟಿನ ಕಣಕ. ಆ ಗಂಭೀರ ನಾದದ ಗುಟ್ಟು ಅಡುಗೆಮನೆಯಲ್ಲಿದೆ.

1978ರಲ್ಲಿ ಎಂಬ್ರಿಯೊ ತಂಡ ಮ್ಯೂನಿಕ್‌ನಿಂದ ಬಸ್ಸಿನಲ್ಲಿ ಹೊರಟು ತುರ್ಕಿ, ಇರಾನ್, ಅಫಘಾನಿಸ್ತಾನ, ಪಾಕಿಸ್ತಾನಗಳ ಮಾರ್ಗವಾಗಿ ಭಾರತವನ್ನು ತಲುಪಿತು. ದಾರಿಯುದ್ದಕ್ಕೂ ಆಯಾ ಊರಿನ ವಾದಕರೊಡನೆ ಕೂಡಿ ನುಡಿಸುವುದು ಅವರ ಉದ್ದೇಶ. ಆ ಯಾತ್ರೆಯನ್ನು ವೆರ್ನರ್ ಪೆನ್ಜೆಲ್ ಎಂಬಾತ ‘ವಾಗಾಬುಂಡೆನ್ ಕರವಾನೆ’ ಎಂಬ ಚಲನಚಿತ್ರದಲ್ಲಿ ಸೆರೆಹಿಡಿದಿದ್ದಾನೆ. ಅದೇ ಕಾಲದಲ್ಲಿ ಮಣಿಯವರ ಕಾಲೇಜಿನ ವಾದಕರೊಡನೆ ಅವರಿಗೆ ನಂಟು ಬೆಳೆಯಿತು. ಎರಡೂ ತಂಡಗಳು ಕೂಡಿ ನುಡಿಸಿದ ತಟ್ಟೆಗಳು ಹೊರಬಂದುವು. ತನ್ನ ದೇಶದಲ್ಲಿ ಹತ್ತು ವರ್ಷ ಒಂದು ತಂಡವನ್ನು ನಡೆಸಿದ ಡ್ರಮ್ ವಾದಕನು, ಐದು ಏಳುಗಳ ಲೆಕ್ಕ ನೀರು ಕುಡಿದಷ್ಟು ಸಲೀಸಾಗಿದ್ದವರ ನಡುವೆ ಕುಳಿತು ಕಿವಿಗೊಡಬೇಕಾಯಿತು. ಬುರ್ಖಾರ್ಡನ ಸಾಮರ್ಥ್ಯವನ್ನು ನಾನು ಅಳೆಯುವುದು ಇಲ್ಲಿ. ವೇಗವುಳ್ಳ ಕೈಗಳು ಹಲವಿರಬಹುದು. ಹೆಸರು ಗಳಿಸಿದ ಮೇಲೂ ಕಲಿಯಲು ಹೊರಡುವ ಕೈಗಳು ವಿರಳ.

ಈ ಸ್ನೇಹಸಂಬಂಧದ ಬಹು ಸೊಗಸಾದ ಫಲವೊಂದು 1983ರಲ್ಲಿ ದೊರೆಯಿತು. ಎಂಬ್ರಿಯೊ ಹುಟ್ಟಿದ ವರ್ಷದಲ್ಲೇ, ಅದೇ ಮ್ಯೂನಿಕ್‌ನಲ್ಲೇ ಆರಂಭವಾದ ಇಸಿಎಂ ಸಂಸ್ಥೆಗಾಗಿ ಚಾರ್ಲಿ ಮರಿಯಾನೊ ಮತ್ತು ಕರ್ನಾಟಕ ಕಾಲೇಜಿನವರು ‘ಜ್ಯೋತಿ’ ಎಂಬ ಧ್ವನಿಮುದ್ರಿಕೆಯನ್ನು ಮಾಡಿದರು. ಆರ್.ಎ. ರಮಾಮಣಿಯವರ ಗಾಯನ, ಮರಿಯಾನೊನ ಸ್ಯಾಕ್ಸೊಫೋನ್ ಮತ್ತು ಕೊಳಲು, ಮಣಿಯವರ ಮೃದಂಗ, ಆರ್.ಎ. ರಾಜಗೋಪಾಲರ ಘಟ ಮತ್ತು ಮೋರ್ಸಿಂಗ್, ಟಿ.ಎನ್. ಶಶಿಕುಮಾರರ ಖಂಜರಿ; ಇಷ್ಟೇ. ಪಿಯಾನೊ ಇಲ್ಲ, ಗಿಟಾರ್ ಇಲ್ಲ. ಐವರಲ್ಲಿ ಮೂವರು ತಾಳವಾದ್ಯದವರು. ಹಾಡಿನ ಕೆಳಗೆ ನೆಲವಾಗಿ ಹಾಸಿರಬೇಕಾದ ಲಯ ಇಲ್ಲಿ ಗೋಡೆಯೂ ಆಗಿದೆ, ಕಿಟಕಿಯೂ ಆಗಿದೆ.

ಹೊರಡುವ ಮುನ್ನ ನನ್ನ ವಿದ್ಯಾರ್ಥಿ ಕೇಳಿದ: ‘ಸರ್, ನಿಮ್ಮ ಮತ ಯಾವುದಕ್ಕೆ?’ ಕಿವಿಗೆ ‘ಜ್ಯೋತಿ’, ಚರಿತ್ರೆಗೆ ‘ಎಂಬ್ರಿಯೊಸ್ ರೈಸೆ’ ಎಂದೆ. ಮೊದಲನೆಯದು ರಾಕ್ ತಂಡದ ತಟ್ಟೆಯೇ ಅಲ್ಲವೆಂದು ಅವನ ಗೆಳೆಯರು ಕೂಡಲೇ ಆಕ್ಷೇಪಿಸಿದರು. ಅವರ ಆಕ್ಷೇಪ ನ್ಯಾಯವಾದುದೇ. ಆದರೂ ನಾನು ನನ್ನ ಮತವನ್ನು ಬದಲಿಸಲಿಲ್ಲ. ಮರಿಯಾನೊ 2009ರಲ್ಲಿಯೂ, ಮಣಿಯವರು 2020ರಲ್ಲಿಯೂ ತೀರಿಕೊಂಡರು. ಅವರು ಕೂಡಿ ನುಡಿಸಿದ್ದನ್ನು ಕುರಿತು ಬೆಂಗಳೂರಿನ ಮನೆಯೊಂದರಲ್ಲಿ ಮೂವರು ತರುಣರು ಇನ್ನೂ ಜಗಳವಾಡುತ್ತಿದ್ದಾರಲ್ಲ, ಅದೇ ಸಂತೋಷ.

ಬೀದರಿಗೆ ಮರಳುವ ರೈಲಿನಲ್ಲಿ ಬೇರೊಂದು ಯೋಚನೆ ನನ್ನನ್ನು ಕಾಡತೊಡಗಿತು. ನಮ್ಮ ಜಿಲ್ಲೆಯದೇ ಆದ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು, ತಮಗೆ ತಾಳದ ಲೆಕ್ಕ ತಿಳಿಯದು, ಒಲಿದಂತೆ ಹಾಡುವೆನೆಂದು ಒಂದು ವಚನದಲ್ಲಿ ನಿವೇದಿಸಿಕೊಂಡಿದ್ದಾರೆ. ಅದೇ ಶರಣಸಮೂಹದಲ್ಲಿ ಢಕ್ಕೆಯ ಬೊಮ್ಮಣ್ಣನಿದ್ದ. ಢಕ್ಕೆಯನ್ನು ಬಾರಿಸುವುದು ಅವನ ಕಾಯಕ. ವಾದ್ಯವೇ ಅವನ ಹೆಸರಿನ ಮೊದಲ ಭಾಗ. ಆದರೆ ಎರಡನೆಯ ಭಾಗವೂ ಉಳಿದಿದೆ. ಅವನ ವಚನಗಳನ್ನು ನಾನು ಎಷ್ಟೋ ವರ್ಷ ತರಗತಿಗಳಲ್ಲಿ ಪಾಠ ಹೇಳಿದ್ದೇನೆ.

ಆಕಾಶವಾಣಿಯದೂ ಒಂದು ಒಳ್ಳೆಯ ಸಂಪ್ರದಾಯವಿದೆ. ಗಾಯಕರ ಹೆಸರನ್ನು ಹೇಳಿದ ಬಳಿಕ ಉದ್ಘೋಷಕರು ಪಕ್ಕವಾದ್ಯದವರ ಹೆಸರುಗಳನ್ನೂ ತಪ್ಪದೆ ಹೇಳುತ್ತಾರೆ. ಬಾಲ್ಯದಲ್ಲಿ ನಾನು ಎಷ್ಟೋ ತಬಲಾ ವಾದಕರ ಹೆಸರುಗಳನ್ನು ಕಲಿತದ್ದು ರೇಡಿಯೊದಿಂದಲೇ.

ಊರಿಗೆ ಬಂದವನು ಹಳೆಯ ಪೆಟ್ಟಿಗೆಯಿಂದ ನನ್ನ ಮದುವೆಯ ಖರ್ಚಿನ ಲೆಕ್ಕದ ಪುಸ್ತಕವನ್ನು ತೆಗೆದೆ. ಬರೆದವರು ನಮ್ಮ ತಂದೆ. ಅಡುಗೆಯವರ ಹೆಸರಿದೆ, ಹೂವಿನವರ ಹೆಸರಿದೆ, ಪೆಂಡಾಲು ಹಾಕಿದವರ ಹೆಸರೂ ಇದೆ. ಅಂದು ಮೆರವಣಿಗೆಯ ಮುಂದೆ ಊರ ಬಾಗಿಲಿನಿಂದ ಮನೆಯವರೆಗೆ ಹಲಗೆ ಬಾರಿಸುತ್ತ ನಡೆದವನು ಒಬ್ಬನಿದ್ದ. ಮೊಹರಮ್ಮಿನ ಅಲಾಯಿಗೂ ಅವನೇ, ಸಾವಿಗೂ ಅವನೇ. ಬೆಂಕಿಯ ಮುಂದೆ ಹಲಗೆಯ ಚರ್ಮ ಕಾಸಿ ಅವನು ಮೊದಲ ಪೆಟ್ಟು ಹಾಕಿದರೆ ಊರ ಮಕ್ಕಳೆಲ್ಲ ಓಡಿಬರುತ್ತಿದ್ದೆವು. ಗುಡಿಯ ಕಟ್ಟೆಯ ವಾದಗಳಲ್ಲಿ ಅವನ ಕೈ ಹೇಗೆಂದು ಯಾರೂ ಎಂದೂ ಕೇಳಿರಲಿಲ್ಲ. ಆ ಕಟ್ಟೆಯ ಮೇಲೆ ಅವನು ಕುಳಿತದ್ದನ್ನೂ ನಾನು ಕಂಡಿಲ್ಲ.

ಪುಸ್ತಕದಲ್ಲಿ ಅವನ ಸಾಲಿನಲ್ಲಿ ಇರುವುದು ಇಷ್ಟು: ‘ಹಲಗೆಗೆ, ರೂ. 15’. ನಾನು ಪೆನ್ನು ಹಿಡಿದು ಆ ಸಾಲನ್ನು ಪೂರ್ತಿ ಮಾಡಲು ಕುಳಿತೆ. ನನಗೆ ಅವನ ಹೆಸರು ಗೊತ್ತಿರಲಿಲ್ಲ.