ಕುಂದಗೋಳದಿಂದ ಉಣಕಲ್‌ವರೆಗೆ: ತಾಲೀಮಿನ ನೂರು ವರ್ಷ

ಉತ್ತರ ಕರ್ನಾಟಕದ ಹಿಂದುಸ್ತಾನಿ ಗಾಯಕರ ಕಥೆ ಹೇಳುವಾಗ ಒಬ್ಬ ಶಿಷ್ಯನಿಗೆ ಒಬ್ಬ ಗುರುವನ್ನು ಜೋಡಿಸಿ ಮುಗಿಸಿಬಿಡುವುದು ನಮ್ಮ ರೂಢಿ. ಭೀಮಸೇನ ಜೋಶಿ ಎಂದರೆ ಸವಾಯಿ ಗಂಧರ್ವರು, ಪುಟ್ಟರಾಜರು ಎಂದರೆ ಪಂಚಾಕ್ಷರಿ ಗವಾಯಿಗಳು. ಭಕ್ತಿಗೆ ಇಷ್ಟು ಸಾಕು. ಕಲಿಕೆ ಹೇಗೆ ನಡೆಯಿತು ಎಂದು ಕೇಳುವವರಿಗೆ ಸಾಲದು. ಇಲ್ಲಿ ದೊಡ್ಡ ಹೆಸರು ಮಾಡಿದವರಲ್ಲಿ ಬಹುಪಾಲು ಜನ ಇಬ್ಬರು ಮೂವರ ಕೈ ದಾಟಿ ಬಂದವರು. ಯಾರ ಬಳಿ ಕಲಿತರು ಎಂಬುದರಷ್ಟೇ, ಯಾವಾಗ ಯಾರ ಬಳಿಗೆ ಹೋದರು ಎಂಬುದೂ ಅವರನ್ನು ರೂಪಿಸಿದೆ.

ಮೈಸೂರು ಅರಮನೆಗೆ ಹಾಡಲು ಬರುತ್ತಿದ್ದ ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು (1872–1937) ದಾರಿಯಲ್ಲಿ ಧಾರವಾಡ ಸೀಮೆಯಲ್ಲಿ ತಂಗುತ್ತಿದ್ದರು. ಅವರ ಶಿಷ್ಯರಾದ ರಾಮಭಾವು ಕುಂದಗೋಳಕರ, ಅಂದರೆ ಸವಾಯಿ ಗಂಧರ್ವರು (1886–1952), ಮುಂದೆ ಮರಾಠಿ ರಂಗಭೂಮಿಗೆ ಹೋದರು. ಅದು ಗುರುವಿಗೆ ಹಿಡಿಸಲಿಲ್ಲ. ಆದರೂ ರಂಗದಿಂದ ಹಿಂತಿರುಗಿದ ಮೇಲೆ ಈ ಭಾಗದ ತಾಲೀಮಿಗೆ ಕೇಂದ್ರವಾದವರು ಅವರೇ.

ಆ ಮನೆಯ ಪಾಠದ ರೀತಿ ಗಂಗೂಬಾಯಿ ಹಾನಗಲ್ಲರ (1913–2009) ಕಲಿಕೆಯಲ್ಲಿ ಎದ್ದು ಕಾಣುತ್ತದೆ. ಕರ್ನಾಟಕ ಸಂಗೀತ ಹಾಡುತ್ತಿದ್ದ ತಾಯಿ ಅಂಬಾಬಾಯಿಯಿಂದ ಅವರಿಗೆ ಕಿವಿ ಬಂತು. ಹುಲಗೂರ ಕೃಷ್ಣಾಚಾರ್ಯರಿಂದ ಸುಮಾರು ಒಂದು ವರ್ಷದಲ್ಲಿ 60ರಷ್ಟು ಚೀಜುಗಳು ಬಂದವು. ಆಮೇಲೆ ದತ್ತೋಪಂತ ದೇಸಾಯಿಯವರ ಪಾಠ. ಸವಾಯಿ ಗಂಧರ್ವರ ಬಳಿ ಬಂದಾಗ ಲೆಕ್ಕವೇ ತಲೆಕೆಳಗಾಯಿತು. ಅಲ್ಲಿ ಚೀಜಿನ ಸಂಖ್ಯೆಗೆ ಬೆಲೆಯಿರಲಿಲ್ಲ. ಒಂದು ರಾಗದ ಒಂದೇ ಪಲ್ಟಾವನ್ನು ಸ್ವರ ಕೂರುವವರೆಗೆ ತಿರುತಿರುಗಿ ಹೇಳಿಸುತ್ತಿದ್ದರು. ಕಡಿಮೆ ಕೊಟ್ಟು ಹೆಚ್ಚು ಮಾಡಿಸುವ ಈ ಪಾಠ ನೆಲೆಗೊಳ್ಳಬೇಕಾದರೆ ಹಿಂದಿನ 60 ಚೀಜುಗಳೂ ಬೇಕಿದ್ದವು ಎಂದೇ ನನ್ನ ಅನಿಸಿಕೆ. ಇನ್ನೊಂದು ಮಾತನ್ನೂ ಮರೆಯಬಾರದು. ಗಂಡು ಶಿಷ್ಯರು ಗುರುವಿನ ಮನೆಯಲ್ಲೇ ಉಳಿದರು, ನೀರು ಹೊತ್ತರು, ಕಿವಿಗೆ ಬಿದ್ದದ್ದನ್ನೆಲ್ಲ ಹೀರಿಕೊಂಡರು. ಗಂಗೂಬಾಯಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರಬೇಕಾಗಿತ್ತು. ಪರಂಪರೆಯನ್ನು ಹೊಗಳುವವರು ಈ ರೈಲಿನ ಖರ್ಚನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಭೀಮಸೇನರದು (1922–2011) ಎದುರು ದಿಕ್ಕಿನ ಪಯಣ. 1933ರಲ್ಲಿ, 11ನೆಯ ವಯಸ್ಸಿಗೆ, ಗುರುವನ್ನು ಹುಡುಕಿ ಗದಗಿನ ಮನೆ ಬಿಟ್ಟ ಹುಡುಗ ಗ್ವಾಲಿಯರ್ ಸುತ್ತಿ ಜಲಂಧರ ಮುಟ್ಟಿದ. ಅಲ್ಲಿ ವಿನಾಯಕರಾವ್ ಪಟವರ್ಧನರು, ನಿನ್ನೂರಿನ ಹತ್ತಿರವೇ ಸವಾಯಿ ಗಂಧರ್ವರು ಇದ್ದಾರಲ್ಲ ಎಂದು ತೋರಿಸಿಕೊಟ್ಟರು. ಪಟವರ್ಧನರು ಸ್ವತಃ ಗ್ವಾಲಿಯರ್ ಘರಾಣೆಯ ಹೆಸರಾಂತ ಗುರು. ಆದರೂ ಹುಡುಗನನ್ನು ಇನ್ನೊಂದು ಘರಾಣೆಯ ಬಾಗಿಲಿಗೆ ಕಳಿಸಿದರು. ಗುರು ಮಾಡಬಹುದಾದ ಉಪಕಾರಗಳಲ್ಲಿ ಇದು ಸಣ್ಣದಲ್ಲ, ಆದರೂ ಗುರುಪೂರ್ಣಿಮೆಯ ಭಾಷಣಗಳಲ್ಲಿ ಇದಕ್ಕೆ ಜಾಗ ಸಿಗುವುದು ಅಪರೂಪ.

ಮಲ್ಲಿಕಾರ್ಜುನ ಮನಸೂರರ (1910–1992) ಹಾದಿ ಇನ್ನೂ ಸ್ಪಷ್ಟ. ಅಪ್ಪಯ್ಯಸ್ವಾಮಿಗಳಿಂದ ಕರ್ನಾಟಕ ಸಂಗೀತ, ಮಿರಜಿನ ನೀಲಕಂಠಬುವಾ ಆಲೂರಮಠರಿಂದ ಗ್ವಾಲಿಯರ್ ಗಾಯಕಿ. ಗ್ರಾಮಫೋನ್ ತಟ್ಟೆಗಳಿಂದ ಹೆಸರಾದ ಮೇಲೂ ಅವರು ಜಯಪುರ ಘರಾಣೆಯ ಮಂಜೀಖಾನರ ಮುಂದೆ ಹೊಸಬನಂತೆ ಕುಳಿತರು. 1937ರಲ್ಲಿ ಮಂಜೀಖಾನರು ತೀರಿಕೊಂಡಾಗ ಅವರ ತಮ್ಮ ಭೂರ್ಜೀಖಾನರು ಪಾಠ ಮುಂದುವರಿಸಿದರು. ‘ನನ್ನ ರಸಯಾತ್ರೆ’ ಬರೆದ ಗಾಯಕರ ಬೆಳವಣಿಗೆ ನಡೆದದ್ದು ಹೀಗೆ, ಗುರುವಿನಿಂದ ಗುರುವಿಗೆ.

ಷಿಕಾಗೋದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ ಪಿಯಾನೋ ವಾದಕರು, ಶಿಲ್ಪಿಗಳು, ಈಜುಗಾರರು, ಟೆನಿಸ್ ಆಟಗಾರರು, ಗಣಿತಜ್ಞರು, ನರವಿಜ್ಞಾನಿಗಳು ಹೀಗೆ ಸುಮಾರು 120 ಸಾಧಕರ ಬಾಲ್ಯವನ್ನು ಕೆದಕಿ 1985ರಲ್ಲಿ ಪುಸ್ತಕ ತಂದಾಗ ಕಂಡುಕೊಂಡದ್ದೂ ಇದನ್ನೇ ಹೋಲುತ್ತದೆ. ಮೊದಲ ಗುರು ಕಲಿಕೆಯ ರುಚಿ ಹಚ್ಚುತ್ತಾನೆ, ಎರಡನೆಯವನು ಶಿಸ್ತು ತರುತ್ತಾನೆ, ಮೂರನೆಯವನು ತನ್ನ ದಾರಿ ತಾನೇ ಕಂಡುಕೊಳ್ಳುವಂತೆ ಮಾಡುತ್ತಾನೆ. ಒಬ್ಬರೇ ಈ ಮೂರೂ ಆಗುವುದು ವಿರಳ. ಅಂಬಾಬಾಯಿ, ಹುಲಗೂರರು, ಸವಾಯಿ ಗಂಧರ್ವರನ್ನು ಈ ಸಾಲಿಗೆ ಹೊಂದಿಸಿದರೆ ಹೆಚ್ಚು ಎಳೆದಾಡಬೇಕಿಲ್ಲ.

ಇದಕ್ಕೆ ಸಮಾನಾಂತರವಾಗಿ ಗದಗಿನಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಅಂಧರಾಗಿದ್ದು, ಕರ್ನಾಟಕ ಮತ್ತು ಹಿಂದುಸ್ತಾನಿ ಎರಡರಲ್ಲೂ ಪಳಗಿದ್ದ ಪಂಚಾಕ್ಷರಿ ಗವಾಯಿಗಳು (1892–1944) ಮೊದಲು ಶಿಷ್ಯರನ್ನು ಕಟ್ಟಿಕೊಂಡು ಊರೂರು ತಿರುಗಿದರು, ಆಮೇಲೆ ವೀರೇಶ್ವರ ಪುಣ್ಯಾಶ್ರಮದಲ್ಲಿ ನೆಲೆ ನಿಂತರು. ಕುರುಡು ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನ ಮತ್ತು ಸಂಗೀತ ಎರಡೂ ಉಚಿತ. ಮುಂದೆ ಪುಟ್ಟರಾಜರು (1914–2010) ಇದರ ಖರ್ಚಿಗಾಗಿ ನಾಟಕ ಕಂಪನಿಯನ್ನೇ ನಡೆಸಿದರು. ಘರಾಣೆಯ ಬಾಗಿಲು ಯಾರಿಗೆ ಮುಚ್ಚಿತ್ತೋ ಅವರಿಗೆ ಇಲ್ಲಿ ಪ್ರವೇಶವಿತ್ತು. ಇಲ್ಲೂ ಒಂದೇ ಕೈ ಎಂಬ ನಿಯಮವಿರಲಿಲ್ಲ: ಪಂಚಾಕ್ಷರಿ ಗವಾಯಿಗಳ ಶಿಷ್ಯ ಬಸವರಾಜ ರಾಜಗುರು ಮುಂದೆ ಸವಾಯಿ ಗಂಧರ್ವ, ಸುರೇಶಬಾಬು ಮಾನೆ ಸೇರಿ ಹಲವರಲ್ಲಿ ಕಲಿತರು.

ಮುಂಬೈಯಲ್ಲಿ ಬಿ.ಆರ್. ದೇವಧರರು ಬೆಳಗಾವಿ ಸೀಮೆಯ ಬಾಲಗಾಯಕ ಕುಮಾರ ಗಂಧರ್ವರಿಗೆ ಒಂದೇ ಘರಾಣೆಯ ಕಟ್ಟು ಹಾಕದೆ ಬಗೆಬಗೆಯ ಗಾಯಕಿ ಕೇಳಿಸಿದರು. ಕುಮಾರರು ಯಾವ ಘರಾಣೆಗೂ ಸೇರದೆ ಉಳಿದದ್ದಕ್ಕೆ ಆ ಸ್ವಾತಂತ್ರ್ಯವೂ ಒಂದು ಕಾರಣ.

ಶಾಲೆಯ ಮಾದರಿ ಈ ಭಾಗಕ್ಕೆ ನಿಧಾನವಾಗಿ ಬಂತು. ಪಲುಸ್ಕರರ ಗಾಂಧರ್ವ ಮಹಾವಿದ್ಯಾಲಯ 1901ರಲ್ಲಿ ಲಾಹೋರಿನಲ್ಲೂ, ಭಾತಖಂಡೆಯವರು ಕಟ್ಟಿದ ಸಂಗೀತ ಕಾಲೇಜು 1926ರಲ್ಲಿ ಲಖನೌದಲ್ಲೂ ಶುರುವಾಗಿದ್ದವು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ವಿಭಾಗಕ್ಕೆ ಮನಸೂರರಂಥವರೇ ಬಂದು ಕೂತರು. ಕಾಲೇಜು ಪಾಠ ಹೆಚ್ಚು ಜನರಿಗೆ ತಲುಪಿತು, ಹೆಣ್ಣುಮಕ್ಕಳಿಗೆ ವಿಶೇಷವಾಗಿ. ಆದರೆ ನಿಗದಿತ ಪಠ್ಯ ಮುಗಿಸುವ ಒತ್ತಡದಲ್ಲಿ ಒಂದು ಪಲ್ಟಾವನ್ನೇ ತಿಂಗಳುಗಟ್ಟಲೆ ತಿರುವುವ ವ್ಯವಧಾನ ಹೋಯಿತು. ಆ ಕೊರತೆ ತುಂಬಲೆಂದೇ 1970ರ ದಶಕದ ಕೊನೆಗೆ ಕೋಲ್ಕತ್ತದಲ್ಲಿ ಐಟಿಸಿ ಸಂಗೀತ ಸಂಶೋಧನಾ ಅಕಾಡೆಮಿ ಬಂತು. ಹುಬ್ಬಳ್ಳಿಯ ಉಣಕಲ್‌ನಲ್ಲಿ ಗಂಗೂಬಾಯಿ ಹೆಸರಿನ ಗುರುಕುಲವೂ ಅದೇ ಆಸೆಯಿಂದ ಹುಟ್ಟಿದ್ದು. ಗುರು-ಶಿಷ್ಯರು ಒಂದೇ ಆವರಣದಲ್ಲಿ, ಸರ್ಕಾರದ ಹಣದಲ್ಲಿ. ಇಲ್ಲಿ ನೀರು ಹೊರುವ ಕೆಲಸವಿಲ್ಲ, ಹೆಣ್ಣುಮಕ್ಕಳು ರೈಲು ಹಿಡಿಯಬೇಕಿಲ್ಲ. ಆದರೆ ಇಂಥ ಕಡೆ ಶಿಷ್ಯನನ್ನು ಇನ್ನೊಬ್ಬ ಗುರುವಿನ ಬಳಿಗೆ ಕಳಿಸುವ ಹೊತ್ತನ್ನು ಯಾರು ನಿರ್ಧರಿಸಬೇಕು? ನೇಮಕಾತಿ ಆದೇಶ ಅದನ್ನು ಹೇಳುವುದಿಲ್ಲ, ವೇಳಾಪಟ್ಟಿಯೂ ಹೇಳುವುದಿಲ್ಲ.

ಈ ಹಳೆ-ಹೊಸ ಕ್ರಮಗಳೆರಡನ್ನೂ ಒಳಗಿನಿಂದ ಬಲ್ಲವರು ಎಂ. ವೆಂಕಟೇಶಕುಮಾರರು. ಬಳ್ಳಾರಿ ಸೀಮೆಯ ಲಕ್ಷ್ಮೀಪುರದಿಂದ 1968ರಲ್ಲಿ ಪುಣ್ಯಾಶ್ರಮ ಸೇರಿ, ಪುಟ್ಟರಾಜರ ಬಳಿ 12 ವರ್ಷ ಕಲಿತು, ಆಮೇಲೆ ಧಾರವಾಡದ ಸಂಗೀತ ಕಾಲೇಜಿನಲ್ಲಿ ದಶಕಗಳ ಕಾಲ ಪಾಠ ಹೇಳಿದವರು. ಆಶ್ರಮದಲ್ಲಿ ಕಲಿತದ್ದರಲ್ಲಿ ಯಾವುದು ತರಗತಿಯ ಗೋಡೆಯೊಳಗೂ ಉಳಿಯುತ್ತದೆ, ಯಾವುದು ಉಳಿಯುವುದಿಲ್ಲ ಎಂದು ತಿಳಿಯಲು ಅಂಥವರ ಅಧ್ಯಾಪನದ ಅನುಭವವನ್ನು ವಿವರವಾಗಿ ದಾಖಲಿಸುವ ಕೆಲಸವೇ ಮೊದಲು ಆಗಬೇಕು.